ಆರು ತಿಂಗಳ ಇಂಗ್ಲಿಷ್ ಗ್ರಾಮರ್ ಕ್ಲಾಸ್: 14 ತಿಂಗಳು ಆದಮೇಲೆ ಒಬ್ಬ ಮಂಡಿ ಗುಮಾಸ್ತನ ಲೆಕ್ಕ

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಗುಮಾಸ್ತ. ಮೆಕ್ಕೆಜೋಳದ ವ್ಯಾಪಾರ. ನಮ್ಮ ಮಾಲು ಜಾಸ್ತಿ ಹೋಗುವುದು ತಮಿಳುನಾಡಿನ ನಾಮಕ್ಕಲ್ ಕಡೆಗೆ, ಕೋಳಿ ಆಹಾರಕ್ಕೆ. ಅವರಿಗೆ ಕನ್ನಡ ಬರಲ್ಲ, ನನಗೆ ತಮಿಳು ಬರಲ್ಲ, ಹಿಂದಿ ಇಬ್ಬರಿಗೂ ಅಷ್ಟಕ್ಕಷ್ಟೇ. ಹಾಗಾಗಿ ವಾಟ್ಸಾಪ್‌ನಲ್ಲಿ ಇಂಗ್ಲಿಷ್.

ಒಂದು ರಾತ್ರಿ 25 ಟನ್ ತುಂಬಿ ಲಾರಿ ಬಿಟ್ಟೆವು. ಬೆಳಿಗ್ಗೆ ಎದ್ದವನೇ ಪಾರ್ಟಿಗೆ ಮೆಸೇಜ್ ಹಾಕಿದೆ: "ಲಾರಿ ಈಸ್ ಲೋಡಿಂಗ್ ಸರ್." ನನ್ನ ತಲೆಯಲ್ಲಿ ಇದ್ದದ್ದು "ಲಾರಿ ಲೋಡಾಗಿದೆ" ಅಂತ. "ಇದೆ" ಅಂದ್ರೆ "ಈಸ್". ಮುಂದೆ ಒಂದು "ಇಂಗ್" ಅಂಟಿಸಿದರೆ ಇಂಗ್ಲಿಷ್ ಆಯ್ತು ಅಂದುಕೊಂಡಿದ್ದೆ. ಆ ಕಡೆಯಿಂದ ತಕ್ಷಣ ಫೋನ್. ಇನ್ನೂ ತುಂಬುತ್ತಿದ್ದರೆ ನಿಲ್ಲಿಸಿ, ರೇಟ್ ಇಳಿದಿದೆ, ಮುಂದಿನ ವಾರ ನೋಡೋಣ ಅಂದರು. ಲಾರಿ ಆಗಲೇ ಹಿರಿಯೂರು ದಾಟಿ ಸಿರಾ ಹತ್ತಿರ ಇತ್ತು! "ನೀವೇ ಲೋಡಿಂಗ್ ಅಂತ ಬರೆದಿದ್ದೀರಲ್ಲ" ಅನ್ನುವುದು ಅವರ ವಾದ. ಕೊನೆಗೆ ಕ್ವಿಂಟಲ್‌ಗೆ 20 ರೂಪಾಯಿ ಕಡಿಮೆ ಮಾಡಿ ಮುಗಿಸಬೇಕಾಯಿತು. 250 ಕ್ವಿಂಟಲ್, 5,000 ರೂಪಾಯಿ.

ಸಾಹುಕಾರರು ಬೈಯಲಿಲ್ಲ. "ಐದು ಸಾವಿರಕ್ಕೆ ಎಷ್ಟು ಇಂಗು ಬರ್ತಿತ್ತು ಗೊತ್ತೇನಪ್ಪಾ?" ಅಂದರು ಅಷ್ಟೇ. ಹಮಾಲರೆಲ್ಲ ನಕ್ಕರು. ಇಂಗು ತಿಂದ ಮಂಗ ಅಂತಾರಲ್ಲ, ಆ ಮುಖ ನನ್ನದಾಗಿತ್ತು.

ಅದೇ ವಾರ ಊರಿನ ಒಂದು ಸಂಜೆ ಕ್ಲಾಸಿಗೆ ಸೇರಿದೆ. ಹೆಸರು ಬೇಡ. ಆರು ತಿಂಗಳ ಕೋರ್ಸ್, ಫೀಸ್ 4,800. ವಾರಕ್ಕೆ ಐದು ದಿನ, ಸಂಜೆ ಆರೂವರೆಯಿಂದ ಏಳೂವರೆ. ಜೊತೆಗೆ ಒಂದು ವರ್ಕ್‌ಬುಕ್, ಒಂದು ಆ್ಯಪ್. ಕ್ಲಾಸ್ ಮುಗಿದು ಈಗ ಎಂಟು ತಿಂಗಳಾಗಿದೆ. ಸೇರಿದ ವಾರವೇ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೊಡ್ತಿದ್ದೆ. ಮೂರನೇ ತಿಂಗಳಲ್ಲಾದರೆ ಐದು. ಈಗ ಮೂರೂವರೆ. ಯಾಕೆ ಅಂತ ಹೇಳ್ತೀನಿ.

ಮೊದಲ ತಿಂಗಳು ಪೂರ್ತಿ ಒಂದು ಚಾರ್ಟ್. ಟೆನ್ಸ್, ಅಂದ್ರೆ ಕ್ರಿಯಾಪದದ ಕಾಲಗಳ, ಹನ್ನೆರಡು ಮನೆಯ ಪಟ್ಟಿ ಅದು. ಪಾಸ್ಟ್, ಪ್ರೆಸೆಂಟ್, ಫ್ಯೂಚರ್ ಅಂತ ಮೂರು. ಒಂದೊಂದರಲ್ಲೂ ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಅಂತ ನಾಲ್ಕು. ಬಾಯಿಪಾಠ ಮಾಡಿ ಅಂದರು ಮೇಡಂ. ಮಾಡಿದೆವು. ನಲವತ್ತು ಜನ ಒಟ್ಟಿಗೆ "ಐ ಶ್ಯಾಲ್ ಹ್ಯಾವ್ ಬೀನ್ ಈಟಿಂಗ್" ಅಂತ ಮಗ್ಗಿ ಹೇಳಿದ ಹಾಗೆ ಕೂಗಿದ್ದೇವೆ. ಈ ಹದಿನಾಲ್ಕು ತಿಂಗಳಲ್ಲಿ ಆ ಮನೆ ನನಗೆ ಒಂದು ಸಲವೂ ಬೇಕಾಗಿಲ್ಲ. ಮಂಡಿಯಲ್ಲಿ ಅಷ್ಟು ಹೊತ್ತು ತಿನ್ನುವವರು ಯಾರಿದ್ದಾರೆ?

ಮೇಡಂ ಕೆಟ್ಟದಾಗಿ ಕಲಿಸಿದರು ಅಂತಲ್ಲ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ. ಆದರೆ ಅವರು ಹಿಡಿದದ್ದು ಚಾರ್ಟಿನ ತುದಿ. ನಾವು ಇದ್ದದ್ದು ಕನ್ನಡದ ತುದಿಯಲ್ಲಿ. ನಡುವೆ ಹಗ್ಗವೇ ಇರಲಿಲ್ಲ.

ಎರಡನೇ ತಿಂಗಳಲ್ಲಿ ಮೇಡಂ ರಜೆ ಹಾಕಿದರು. ಅವರ ಬದಲು ಐದು ವಾರ ಒಬ್ಬ ರಿಟೈರ್ಡ್ ಮೇಷ್ಟ್ರು ಬಂದರು. ಈ ವಿಮರ್ಶೆಯಲ್ಲಿ ಒಳ್ಳೆಯ ಮಾತು ಏನಾದ್ರೂ ಇದ್ದರೆ ಮುಕ್ಕಾಲು ಪಾಲು ಆ ಐದು ವಾರದ್ದು.

ಮೊದಲ ದಿನವೇ ಚಾರ್ಟ್ ತೆಗೆದು ಬಾಗಿಲ ಹಿಂದೆ ಇಟ್ಟರು. "ಇವತ್ತು ಏನೇನು ಮಾಡಿದ್ರಿ, ಕನ್ನಡದಲ್ಲಿ ಹತ್ತು ಸಾಲು ಬರೀರಿ" ಅಂದರು. ಇಂಗ್ಲಿಷ್ ಕ್ಲಾಸಲ್ಲಿ ಕನ್ನಡವಾ ಅಂತ ಹಿಂದಿನ ಬೆಂಚಿನ ಪಿಯುಸಿ ಹುಡುಗರು ಗೊಣಗಿದರು. ಬರೆದ ಮೇಲೆ "ಈಗ ಕ್ರಿಯಾಪದದ ಬಾಲಕ್ಕೆ ಗೆರೆ ಎಳೀರಿ" ಅಂದರು. ನನ್ನ ಹಾಳೆಯಲ್ಲಿ ಇದ್ದ ಬಾಲಗಳು: ಕಳಿಸಿದೆ, ಕಳಿಸಿದ್ದೇನೆ, ಕಳಿಸಿದ್ದೆ, ಕಳಿಸುತ್ತಿದ್ದೇನೆ, ಕಳಿಸುತ್ತಿದ್ದೆ. ಮೇಷ್ಟ್ರು ಅದನ್ನೇ ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ಸೆಂಟ್, ಹ್ಯಾವ್ ಸೆಂಟ್, ಹ್ಯಾಡ್ ಸೆಂಟ್, ಆಮ್ ಸೆಂಡಿಂಗ್, ವಾಸ್ ಸೆಂಡಿಂಗ್ ಅಂತ ಬರೆದರು. "ಐದು ಮನೆ ನಿಮ್ಮ ಹತ್ರ ಆಗಲೇ ಇದಾವಲ್ರಿ. ಯಾವ ಚಾರ್ಟ್ ನೋಡಿ ಕಲಿತ್ರಿ?"

ಒಂದು ತಿಂಗಳು ಬಾಯಿಪಾಠ ಮಾಡಿದ್ದು ಅವತ್ತು ಮೊದಲ ಸಲ ತಲೆಗೆ ಹೋಯಿತು. ನನ್ನ "ಲೋಡಾಗಿದೆ"ಯ ತಪ್ಪೂ ಅಲ್ಲೇ ಕಂಡಿತು. "ಇಂಗ್" ಬರುವುದು "ಉತ್ತಿ"ಗೆ, "ಇದೆ"ಗಲ್ಲ. ಲೋಡಾಗುತ್ತಿದೆ ಅಂದ್ರೆ ಈಸ್ ಲೋಡಿಂಗ್. ಲೋಡ್ ಮಾಡಿದ್ದೇವೆ ಅಂದ್ರೆ ಹ್ಯಾವ್ ಲೋಡೆಡ್.

ಮಾರನೇ ದಿನ "ಡಿಡ್" ಬಂತು. "ಐ ಡಿಡ್ ನಾಟ್ ವೆಂಟ್" ಅಂತ ನಮ್ಮಲ್ಲಿ ಅರ್ಧ ಜನ ಹೇಳ್ತಿದ್ದೆವು. ಮೇಡಂ ಎಷ್ಟೋ ಸಲ ತಿದ್ದಿದ್ದರು. ಡಿಡ್ ಬಂದರೆ ವಿ ಒನ್, ಡಿಡ್ ಬಂದರೆ ವಿ ಒನ್ ಅಂತ. ವಿ ಒನ್ ಅಂದ್ರೆ ಕ್ರಿಯಾಪದದ ಮೂಲ ರೂಪ, "ಗೋ" ಥರ. ಮೇಷ್ಟ್ರು ಮೊಬೈಲ್ ಅಂಗಡಿ ಹುಡುಗನನ್ನು ಎಬ್ಬಿಸಿದರು.

"ನಿನ್ನೆ ಅಂಗಡಿಗೆ ಹೋದೆ. ಇದಕ್ಕೆ ಇಲ್ಲ ಅಂತ ಹೇಳಪ್ಪಾ."

"ಹೋಗಲಿಲ್ಲ ಸರ್."

"ಯಾಕೆ, ಹೋದಲಿಲ್ಲ ಅನ್ನಲ್ವಾ?"

ಇಡೀ ಕ್ಲಾಸ್ ನಕ್ಕಿತು. ನಗು ನಿಂತ ಮೇಲೆ ಮೇಷ್ಟ್ರು, "ಡಿಡ್ ನಾಟ್ ವೆಂಟ್ ಅಂದಾಗಲೂ ಹಿಂಗೇ ನಗು ಬರಬೇಕು" ಅಂದರು. ಕನ್ನಡದಲ್ಲೂ "ಇಲ್ಲ" ಬಂದ ತಕ್ಷಣ "ಹೋದೆ" ಬಿಟ್ಟು "ಹೋಗು"ಗೇ ವಾಪಸ್ ಹೋಗ್ತೀವಿ, ಅಲ್ವಾ? ಹುಟ್ಟಿದಾಗಿನಿಂದ ಬಾಯಲ್ಲೇ ಇದ್ದ ಲೆಕ್ಕ ಇದು. ಅವತ್ತಿನಿಂದ ಆ ತಪ್ಪು ನನ್ನ ಬಾಯಲ್ಲಿ ಬಂದಿಲ್ಲ.

"ಐ ಆಮ್ ನೋಯಿಂಗ್" ಕೂಡ ಹೀಗೇ ಹೋಯಿತು. "ಗೊತ್ತು" ಅಂತೀರಿ, "ಗೊತ್ತಿರುತ್ತಿದೆ" ಅಂತೀರಾ ಅಂದರು. ಫ್ಯೂಚರ್ ಬಗ್ಗೆ ಎರಡೇ ಮಾತು. ಇಂಗ್ಲಿಷ್ ಕ್ರಿಯಾಪದ ತಾನೇ ರೂಪ ಬದಲಿಸುವುದು ಪ್ರೆಸೆಂಟ್‌ಗೆ ಮತ್ತು ಪಾಸ್ಟ್‌ಗೆ ಮಾತ್ರ, ನಾಳೆಯ ಮಾತಿಗೆ "ವಿಲ್" ಅಂತ ಒಂದು ಸಹಾಯದ ಪದ ಸೇರಿಸಿಕೊಳ್ಳುತ್ತೆ. ನಾವೂ ಮಾತಾಡುವಾಗ "ದಿನಾ ಬರ್ತೀನಿ", "ನಾಳೆ ಬರ್ತೀನಿ" ಅಂತ ಒಂದೇ ರೂಪದಲ್ಲಿ ಸಂಸಾರ ಮಾಡ್ತೀವಲ್ಲ. "ಬರುವೆನು" ಅಂತ ಯಾರು ಅಂತಾರೆ ಈಗ?

ಆದರೆ ಕನ್ನಡ ಹಿಡಿದುಕೊಂಡು ಹೋದರೆ ಎಲ್ಲ ಕಡೆ ದಾರಿ ಇಲ್ಲ. ಬೀಳುವ ಜಾಗವನ್ನೂ ಮೇಷ್ಟ್ರು ತೋರಿಸಿದರು, ಅದಕ್ಕೇ ಅವರ ಮೇಲೆ ಜಾಸ್ತಿ ಗೌರವ. "ನಿನ್ನೆ ಕಳಿಸಿದ್ದೇನೆ" ಅನ್ನುವುದು ಕನ್ನಡದಲ್ಲಿ ಸರಿ. ಅದನ್ನೇ "ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ" ಅಂದರೆ ತಪ್ಪು. ನಿನ್ನೆ, ಹೋದ ವಾರ, 2019ರಲ್ಲಿ ಅಂತ ಮುಗಿದ ಹೊತ್ತು ಹೇಳಿದಿರೋ, "ಹ್ಯಾವ್" ಎದ್ದು ಹೋಗಬೇಕು. "ಐ ಸೆಂಟ್ ಇಟ್ ಯೆಸ್ಟರ್‌ಡೇ" ಅಷ್ಟೇ. ಹೊತ್ತು ಹೇಳದೆ "ಕಳಿಸಿಯಾಗಿದೆ, ಈಗ ನೀವು ನೋಡಿಕೊಳ್ಳಿ" ಅನ್ನುವಾಗ "ಹ್ಯಾವ್ ಸೆಂಟ್". "ಹೋದ ವಾರ ಮೈಸೂರಿಗೆ ಹೋಗಿದ್ದೆ" ಕೂಡ ಇಂಥದ್ದೇ. ನಾವೆಲ್ಲ "ಐ ಹ್ಯಾಡ್ ಗಾನ್" ಅಂತೀವಿ. "ಐ ವೆಂಟ್" ಸಾಕು. "ಹ್ಯಾಡ್" ಬೇಕಾದರೆ ಆಮೇಲೆ ನಡೆದ ಇನ್ನೊಂದು ಸಂಗತಿ ಜೊತೆಗಿರಬೇಕು. ನೀವು ಫೋನ್ ಮಾಡುವ ಹೊತ್ತಿಗೆ ಲಾರಿ ಬಿಟ್ಟಿತ್ತು, ಅನ್ನುವ ಥರ. ಈ ವಾಕ್ಯವನ್ನು ನಾನು ಅವತ್ತೇ ಇಂಗ್ಲಿಷಿಗೆ ಮಾಡಿ ಬರೆದಿಟ್ಟುಕೊಂಡೆ. ಯಾಕೆ ಅಂತ ಹೇಳಬೇಕಿಲ್ಲ.

"ಇಂದ" ಇನ್ನೊಂದು ಗುಂಡಿ. "ಹತ್ತು ವರ್ಷದಿಂದ", "2014ರಿಂದ", ಎರಡಕ್ಕೂ ನಮಗೆ ಒಂದೇ ಇಂದ. ಇಂಗ್ಲಿಷಿಗೆ ಎರಡು ಬೇಕು. ಎಷ್ಟು ಕಾಲ ಅನ್ನುವುದಕ್ಕೆ "ಫಾರ್", ಯಾವಾಗ ಶುರು ಅನ್ನುವುದಕ್ಕೆ "ಸಿನ್ಸ್". ಅದರ ಮೇಲೆ "ಆಮ್ ವರ್ಕಿಂಗ್" ಬಿಟ್ಟು "ಹ್ಯಾವ್ ಬೀನ್ ವರ್ಕಿಂಗ್". ಇದನ್ನು ಈಗಲೂ ಬರೆಯುವಾಗ ನೆನಪು ಮಾಡಿಕೊಳ್ಳಬೇಕು, ಮಾತಾಡುವಾಗ ಹತ್ತಕ್ಕೆ ಆರು ಸಲ ತಪ್ಪುತ್ತೆ.

ಐದು ವಾರ ಆಯಿತು, ಮೇಷ್ಟ್ರು ಹೋದರು. ಬಾಗಿಲ ಹಿಂದಿನ ಚಾರ್ಟ್ ಮತ್ತೆ ಗೋಡೆಗೆ ಬಂತು.

ಈಗ ದೂರುಗಳು. ಆ್ಯಪ್‌ಗೆ "ಲೈಫ್‌ಟೈಮ್" ಅಂದಿದ್ದರು, ಆರು ತಿಂಗಳಿಗೆ ವಿಡಿಯೋಗಳಿಗೆ ಬೀಗ ಬಿತ್ತು. ಕೇಳಿದರೆ ಕೋರ್ಸಿನ ಲೈಫ್‌ಟೈಮ್ ಸರ್ ಅಂದರು! ವರ್ಕ್‌ಬುಕ್ಕಿನ ಉತ್ತರಗಳಲ್ಲಿ ಎರಡು ಕಡೆ ಅದಲು ಬದಲು ಆಗಿದೆ. ನಾನು ಸರಿ ಬರೆದದ್ದನ್ನು ತಪ್ಪು ಅಂತ ಹೊಡೆದುಹಾಕಿ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಬಿಟ್ಟ ಸ್ಥಳ ತುಂಬುವುದೇ ಜಾಸ್ತಿ, ಬಾಯಿ ಬಿಡಿಸುವುದು ಕಡಿಮೆ. ನಲವತ್ತು ಜನರಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಒಂದು ವಾಕ್ಯ ಸಿಕ್ಕರೆ ಪುಣ್ಯ.

ಬಾಯಿ ಬಿಟ್ಟದ್ದು ಹೊರಗೆ. ನಾವು ನಾಲ್ವರು ಕ್ಲಾಸ್ ಬಿಟ್ಟ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ನಿಲ್ಲುತ್ತಿದ್ದೆವು. ಪ್ಲೇಟ್ ಖಾಲಿ ಆಗುವವರೆಗೆ ಇಂಗ್ಲಿಷ್ ಮಾತ್ರ, ಕನ್ನಡ ಬಂದರೆ ಹತ್ತು ರೂಪಾಯಿ ದಂಡ. ಖಾರ ಹತ್ತಿದಾಗ ಎಲ್ಲರೂ ಕನ್ನಡದಲ್ಲೇ ಕೂಗುತ್ತಿದ್ದೆವು, ದಂಡದ ದುಡ್ಡಲ್ಲೇ ಟೀ ಆಗ್ತಿತ್ತು. ಆ ಗುಂಪಿನಲ್ಲಿ ಒಬ್ಬರು ಅಕ್ಕ ಇದ್ದರು, ಮಗನ ಸ್ಕೂಲಿನ ಮೀಟಿಂಗಲ್ಲಿ ಮಾತಾಡಬೇಕು ಅಂತ ಸೇರಿದವರು. ಒಂದು ದಿನ ಬಂದು "ಐ ಆಸ್ಕ್‌ಡ್ ತ್ರೀ ಕ್ವೆಶ್ಚನ್ಸ್" ಅಂದರು. ಅವತ್ತು ಟೀ ಅವರದ್ದೇ.

ಎಂಟು ತಿಂಗಳಲ್ಲಿ ಉಳಿದದ್ದು ಏನು? ವಿ ಒನ್, ವಿ ಟೂ, ವಿ ತ್ರೀ ಪಟ್ಟಿಯಲ್ಲಿ ನನ್ನ ಕೆಲಸಕ್ಕೆ ಬೇಕಾದ ಅರವತ್ತು ಕ್ರಿಯಾಪದ. ತೂಕದ ಚೀಟಿಗಳ ಹಿಂದೆ ಬರೆದು ಗಲ್ಲಾಪೆಟ್ಟಿಗೆಯ ಪಕ್ಕ ಪಿನ್ ಮಾಡಿದ್ದೇನೆ. ಸೆಂಡ್ ಸೆಂಟ್ ಸೆಂಟ್, ಪೇ ಪೇಯ್ಡ್ ಪೇಯ್ಡ್. ಪುಟ್ ಪುಟ್ ಪುಟ್ ನನ್ನ ಪ್ರೀತಿಯದು, ಎಲ್ಲ ಕ್ರಿಯಾಪದವೂ ಹೀಗೇ ಇರಬಾರದಿತ್ತಾ! ರೀಡ್ ಮಾತ್ರ ಮೋಸಗಾರ. ಬರೆಯುವುದು ಮೂರೂ ಒಂದೇ ಥರ, ಓದುವಾಗ ರೀಡ್ ರೆಡ್ ರೆಡ್.

ಉಳಿಯದೇ ಇರುವುದು ಆ ಒಂದು "ಎಸ್". ಹೀ ಗೋಸ್, ಶೀ ಕಮ್ಸ್. ಕನ್ನಡದಲ್ಲಿ ಬರ್ತೀನಿ, ಬರ್ತೀಯ, ಬರ್ತಾನೆ, ಬರ್ತಾಳೆ, ಬರ್ತಾರೆ ಅಂತ ಒಬ್ಬೊಬ್ಬರಿಗೂ ಒಂದೊಂದು ಬಾಲ ಇಡುವ ನನಗೆ ಒಂದೇ ಒಂದು ಎಸ್ ನೆನಪಿರಲ್ಲ. ಆರನೇ ಕ್ಲಾಸಿನ ಮಗಳು ತಿದ್ದುತ್ತಾಳೆ. ಅವಳಿಗೆ ಒಂದನೇ ಕ್ಲಾಸಿಂದ ಇಂಗ್ಲಿಷ್ ಇದೆ. ನಮ್ಮದು ಕನ್ನಡ ಮೀಡಿಯಂ ಸರ್ಕಾರಿ ಶಾಲೆ, ಐದನೇ ಕ್ಲಾಸಿಗೆ ಎಬಿಸಿಡಿ.

ಸೇರಬೇಕಾ? ನನ್ನ ಹಾಗೆ ಶಾಲೆ ಬಿಟ್ಟು ಇಪ್ಪತ್ತು ವರ್ಷ ಆದವರು, ಸಂಜೆ ಒಂದು ಗಂಟೆ ಬೇರೆ ಕೆಲಸ ಇಲ್ಲದೆ ಕೂರಬಲ್ಲವರು ಸೇರಿ. ಮನೆಯಲ್ಲಿ ಸುಮ್ನೆ ಫೋನ್ ಹಿಡಿದುಕೊಂಡರೆ ನಾಲ್ಕನೇ ದಿನ ರೀಲ್ಸ್ ನೋಡ್ತಾ ಇರ್ತೀವಿ. ಪಿಯುಸಿ ಹುಡುಗರಿಗೆ ಅಷ್ಟು ದುಡ್ಡು ಬೇಡ, ಒಂದು ಗ್ರಾಮರ್ ಪುಸ್ತಕ ಸಾಕು. ದುಡ್ಡು ಕಟ್ಟುವ ಮೊದಲು ಒಂದು ದಿನ ಡೆಮೋ ಕೂತು, "ನಿನ್ನೆ ಕಳಿಸಿದ್ದೇನೆ ಅನ್ನುವುದನ್ನು ಇಂಗ್ಲಿಷಲ್ಲಿ ಹೇಗೆ ಹೇಳೋದು, ಯಾಕೆ ಹಾಗೆ?" ಅಂತ ಕೇಳಿ. ಚಾರ್ಟ್ ತೋರಿಸಿದರೆ ಎದ್ದು ಬನ್ನಿ. ನಿಮ್ಮ ಕನ್ನಡ ವಾಕ್ಯಕ್ಕೆ ಕೈ ಹಾಕಿದರೆ ಕೂತ್ಕೊಳ್ಳಿ.

ಮೆಕ್ಕೆಜೋಳದ ಸೀಸನ್ ಈಗ ಮತ್ತೆ ಶುರುವಾಗಿದೆ. ಮೊನ್ನೆ ನಾಮಕ್ಕಲ್‌ಗೆ ಹಾಕಿದ ಮೆಸೇಜ್: "ವಿ ಹ್ಯಾವ್ ಲೋಡೆಡ್ 25 ಟನ್ಸ್. ಮಾಯ್ಶ್ಚರ್ 14 ಪರ್ಸೆಂಟ್. ದ ಲಾರಿ ಲೆಫ್ಟ್ ಅಟ್ 9 ಲಾಸ್ಟ್ ನೈಟ್." ಆ ಕಡೆಯಿಂದ ಬಂದ ಉತ್ತರ: "ಓಕೆ ಸರ್, ಐ ಆಮ್ ಅಂಡರ್‌ಸ್ಟ್ಯಾಂಡಿಂಗ್." ತಿದ್ದಲು ಹೋಗಲಿಲ್ಲ, ಪೇಮೆಂಟ್ ಸರಿಯಾಗಿ ಬಂತು.

ಅಡ್ವಾನ್ಸ್‌ಡ್ ಲೆವೆಲ್ ಸೇರಿ ಅಂತ ಕ್ಲಾಸಿನಿಂದ ಮೂರು ಸಲ ಫೋನ್ ಬಂದಿದೆ. ಫೀಸ್ 7,500. ನಿನ್ನೆ ಮೇಡಂ ಇಂಗ್ಲಿಷಲ್ಲೇ ಕೇಳಿದರು, "ಹ್ಯಾವ್ ಯು ಡಿಸೈಡೆಡ್, ಸರ್?"

"ಐ ಡಿಸೈಡೆಡ್ ಲಾಸ್ಟ್ ವೀಕ್, ಮೇಡಂ" ಅಂದೆ. "ಹ್ಯಾವ್" ಹಾಕದೆ.

"ವೆರಿ ಗುಡ್ ಸರ್! ಹಾಗಾದ್ರೆ ಯಾವತ್ತಿನಿಂದ ಬರ್ತೀರಾ?"

ಆ ಮೇಷ್ಟ್ರು ವಾಪಸ್ ಬಂದ ದಿನದಿಂದ ಅಂದೆ.