ಬಾವಿ ನೀರಿನ ಪಿಎಫ್‌ಎಎಸ್ ಪರೀಕ್ಷೆ: ಅಂಚೆ ಸೇವೆಯ ವಿಮರ್ಶೆ

ಅಮೆರಿಕದಲ್ಲಿ ಮುಚ್ಚಿಹೋದ ವಾಯುನೆಲೆಯೊಂದರ ಪಕ್ಕದ ನಮ್ಮ ನಾಗರಿಕ ಗುಂಪು, ನೀರಿನ ಮಾದರಿಯನ್ನು ಅಂಚೆಯಲ್ಲಿ ತರಿಸಿಕೊಂಡು ಪರೀಕ್ಷಿಸುವ ಖಾಸಗಿ ಪ್ರಯೋಗಾಲಯವೊಂದರ ಸೇವೆಯನ್ನು ಬಳಸಿತು. ಇಂಧನದ ಬೆಂಕಿ ಆರಿಸಲು ದಶಕಗಳ ಕಾಲ ಸಿಂಪಡಿಸಿದ ನೊರೆಯಲ್ಲಿದ್ದ, ಪರಿಸರದಲ್ಲಿ ಸುಲಭವಾಗಿ ಕೊಳೆಯದ ಪಿಎಫ್‌ಎಎಸ್ ರಾಸಾಯನಿಕಗಳು ನಮ್ಮ ಬಾವಿಗಳಿಗೆ ಇಳಿದಿವೆಯೇ ಎಂಬುದು ತಿಳಿಯಬೇಕಿತ್ತು. ಪೆಟ್ಟಿಗೆಯೊಳಗಿನ ಸೂಚನೆಗಳು ಮೆಚ್ಚುವಂತಿವೆ: ಟೆಫ್ಲಾನ್ ಟೇಪು ಸುತ್ತಿದ ನಲ್ಲಿಯಿಂದ ನೀರು ಹಿಡಿಯಬಾರದು, ಮಳೆ ಜಾಕೆಟ್ ತೊಟ್ಟಿರಬಾರದು, ಮುಚ್ಚಳವನ್ನು ಕೆಳಗಿಡಬಾರದು. ಟೇಪು, ಜಾಕೆಟ್‌ಗಳಲ್ಲೂ ಇವೇ ರಾಸಾಯನಿಕಗಳು ಇರಬಹುದು; ಅಳತೆಯೇ ಅಷ್ಟು ಸೂಕ್ಷ್ಮ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಕುಡಿಯುವ ನೀರಿನಲ್ಲಿ ಈ ಗುಂಪಿನ ಪಿಎಫ್‌ಒಎಸ್ ಎಂಬ ರಾಸಾಯನಿಕಕ್ಕೆ ಗೊತ್ತುಪಡಿಸಿದ ಮಿತಿ ಲೀಟರಿಗೆ ಕೇವಲ 4 ನ್ಯಾನೊಗ್ರಾಂ. ವರದಿ ಎರಡು ವಾರ ತಡವಾಯಿತು, ದರವೂ ದುಬಾರಿಯೇ. ಆದರೂ ಮಾದರಿ ಹಿಡಿಯುವಾಗ ಹೊರಗಿನಿಂದ ಏನೂ ಸೇರಿಲ್ಲವೆಂದು ತೋರಿಸುವ ಶುದ್ಧ ನೀರಿನ ಹೋಲಿಕೆ ಬಾಟಲಿಯ ಫಲಿತಾಂಶವನ್ನೂ ಲಗತ್ತಿಸಿದ್ದರಿಂದ, ವಾಯುನೆಲೆಯ ಶುದ್ಧೀಕರಣವನ್ನು ಚರ್ಚಿಸುವ ಸಲಹಾ ಮಂಡಳಿಯ ಸಭೆಯಲ್ಲಿ ಸೇನಾಧಿಕಾರಿಗಳಿಗೆ ನಮ್ಮ ಅಂಕಿಗಳನ್ನು ತಳ್ಳಿಹಾಕಲಾಗಲಿಲ್ಲ.