ಮಾಳಿಗೆ ಮೇಲೆ ಬಾಣ ಬಿಡುವವರೇ, ಸ್ವಲ್ಪ ನಿಲ್ರಿ

ಬಾಗಲಕೋಟೆ ನವನಗರದಲ್ಲಿ ಮಾಳಿಗೆಗೆ ಮಾಳಿಗೆ ಅಂಟಿಕೊಂಡೇ ಇರುತ್ತವೆ. ಬೇಸಿಗೆ ಬಂತೆಂದರೆ ಒಂದರ ಮೇಲೆ ಶಾವಿಗೆ, ಇನ್ನೊಂದರ ಮೇಲೆ ಹಪ್ಪಳ. ಇದರ ನಡುವೆ ಪಕ್ಕದ ಮನೆ ಹುಡುಗ ಬಿಲ್ಲು ತಂದು ಅಭ್ಯಾಸ ಶುರು ಮಾಡಿದ. ಕೇಳಿದ್ದಕ್ಕೆ, "ಏನೂ ಆಗಂಗಿಲ್ರಿ ಕಾಕಾ, ಇದಕ್ಕ ಲೈಸನ್ಸ್ ಬೇಕಾಗಿಲ್ಲಂತ ಅಂಗಡ್ಯಾಂವ ಹೇಳ್ಯಾನ" ಅಂದ.

ಒಂದು ಸಂಜೆ ಬಾಣ ಬಂದು ನಮ್ಮ ನೀರಿನ ಟ್ಯಾಂಕಿಗೆ ನೆಟ್ಟಿತು. ಕಪ್ಪು ಪ್ಲಾಸ್ಟಿಕ್ ತೂತು ಬಿದ್ದು ಬಾಣ ಅರ್ಧ ಒಳಗೆ, ಅರ್ಧ ಹೊರಗೆ. ಕಿತ್ತ ಕೂಡಲೇ ನೀರು ಚಿಮ್ಮಿ ಶಾವಿಗೆಯೆಲ್ಲ ತೊಯ್ದು ಹೋಯಿತು. ನನ್ನ ಹೆಂಡತಿ ಅಲ್ಲೇ ಶಾವಿಗೆ ಎತ್ತುತ್ತಿದ್ದಳು. ಟ್ಯಾಂಕ್ ಹಾಳಾಗಿ ಹೋಗಲಿ, ಬಾಣ ಒಂದು ಮೊಳ ಈಚೆ ಬಂದಿದ್ದರೆ?

ಆಮೇಲೆ ಅವನ 'ಹೋಮ್ ಸೆಟ್' ನೋಡಿದೆ. ಗುರಿಹಲಗೆ ಅಂತ ಕೊಟ್ಟಿದ್ದು ತೆಳ್ಳನೆ ಥರ್ಮಾಕೋಲ್! ಬಾಣ ಅದನ್ನು ತೂರಿಕೊಂಡು, ಪ್ಯಾರಾಪೆಟ್ ಮೇಲಿಂದ ಹಾದು ಬಂದಿತ್ತು. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರಕ್ಕೆ ಹೊಡೆಯುವ ಆಟ ಇದು. 30×40 ಸೈಟಿನ ಮಾಳಿಗೆ ಯಾವ ಲೆಕ್ಕ?

ಲೈಸನ್ಸ್ ಮಾತು ಪೂರ್ತಿ ಸುಳ್ಳೇನಲ್ಲ. 1959ರ ಆಯುಧ ಕಾಯ್ದೆ ಬಂದೂಕಿಗೆ ಕೇಳುವ ಹಾಗೆ ಆಟದ ಬಿಲ್ಲಿಗೆ ಸಾಮಾನ್ಯವಾಗಿ ಲೈಸನ್ಸ್ ಕೇಳುವುದಿಲ್ಲ. ಆದರೆ ಅಂಗಡಿಯವನು ಅಷ್ಟು ಹೇಳಿ ಸುಮ್ನಾದ. ಅಜಾಗರೂಕತೆಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ. ಯಾರಿಗೂ ತಾಗದಿದ್ದರೂ 3 ತಿಂಗಳವರೆಗೆ ಜೈಲು, ಇಲ್ಲವೇ 2,500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಭಾರಿ ಗಾಯವಾದರೆ 3 ವರ್ಷದವರೆಗೆ. ನಾನು ಕಂಪ್ಲೇಂಟ್ ಕೊಡಲಿಲ್ಲ, ಹುಡುಗನ ಅಪ್ಪ ಹೊಸ ಟ್ಯಾಂಕ್ ಕೂರಿಸಿಕೊಟ್ಟರು. ಎಲ್ಲ ನೆರೆಯವರೂ ಹೀಗೆ ಬಿಡುತ್ತಾರಾ?

ಮನೆಯಲ್ಲೇ ಹೊಡೆಯಬೇಕು ಅಂದರೆ ಕೆಳಗಿನ ಕೋಣೆಯಲ್ಲಿ ಹೊಡೆಯಿರಿ. ಗುರಿಯ ಹಿಂದೆ ಗಟ್ಟಿ ಗೋಡೆ ಇರಲಿ, ಕಿಟಕಿ ಬಾಗಿಲು ಬೇಡ. ಒತ್ತಿ ಬಿಗಿದ ದಪ್ಪ ಫೋಮ್ ಇಟ್ಟು, ನಾಲ್ಕೈದು ಮೀಟರ್ ದೂರದಿಂದ ಹೊಡೆದರೆ ಕೈ ಕೂರುತ್ತದೆ. ಕಾರ್ಬನ್ ಬಾಣವನ್ನು ಪ್ರತಿ ಸಲ ಬಗ್ಗಿಸಿ ನೋಡಿ. ಸೀಳಿದ್ದರೆ ಬಿಟ್ಟಾಗ ಒಡೆದು ಕೈಗೇ ಚುಚ್ಚುತ್ತದೆ. ಬಾಣ ಹೂಡದೆ ಹೆದೆ ಎಳೆದು ಬಿಡಬೇಡಿ, ಬಿಲ್ಲೇ ಮುರಿಯುತ್ತದೆ. ಆ ಸೆಟ್ಟಿನಲ್ಲಿ ಬ್ಲೇಡಿನಂಥ ಬೇಟೆ ಮೊನೆಗಳೂ ಇದ್ದವು. ಅವನ್ನು ಅಂಗಡಿಯಲ್ಲೇ ವಾಪಸ್ ಕೊಡಿ. ಹೊಲದಲ್ಲಿ ನವಿಲು ಕಂಡಾಗ ಹುಡುಗರ ಕೈ ಸುಮ್ನಿರಲ್ಲ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ದೊಡ್ಡ ಕೇಸು.

ಮೈದಾನಕ್ಕೆ ಒಯ್ಯುವಾಗ ಹೆದೆ ಬಿಚ್ಚಿ ಚೀಲದಲ್ಲಿ ಒಯ್ಯಿರಿ. ಚುನಾವಣೆ, ಗಲಾಟೆ ಅಂತ ನಿಷೇಧಾಜ್ಞೆ ಇದ್ದ ದಿನ ಮನೆಯಲ್ಲೇ ಬಿಡಿ.