ಪಿಸ್ತೂಲಿನ ಹಿಡಿ: ತರಿಸೋದಾ, ಇಲ್ಲೇ ಮಾಡಿಸೋದಾ?

ಹುಬ್ಬಳ್ಳಿ-ಧಾರವಾಡದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಶೂಟಿಂಗ್ ಅಭ್ಯಾಸ ಮಾಡುವವರ ಮುಂದೆ ಎರಡು ದಾರಿ. ಜರ್ಮನಿಯ ರಿಂಕ್ ಕಂಪನಿಯ ಹಿಡಿ ತರಿಸಿದರೆ ಪಿಸ್ತೂಲಿಗೆ ಸರಿಯಾಗಿ ಕೂರುತ್ತದೆ. ಆದರೆ ದುಡ್ಡು ಜಾಸ್ತಿ, ಕಾಯಲೂಬೇಕು. ಊರಿನ ಬಡಗಿ ಸಾಗುವಾನಿಯಲ್ಲಿ ಅಗ್ಗವಾಗಿ ಮಾಡಿಕೊಡಬಹುದು. ಆದರೆ ಪಿಸ್ತೂಲು ಕೂರಲು ಒಳಗೆ ಕೊರೆದ ಜಾಗ ಕೂದಲೆಳೆಯಷ್ಟು ತಪ್ಪಿದರೂ ಹಿಡಿ ಅಲುಗಾಡುತ್ತದೆ, ಗುರಿಯೂ ಕೆಡುತ್ತದೆ.

ನನ್ನ ಒಲವು ನಡುದಾರಿಗೆ. ಪಿಸ್ತೂಲಿನ ಜೊತೆ ಬಂದ ಹಿಡಿಯನ್ನೇ ತಿದ್ದಿಕೊಳ್ಳಿ. ಮೊದಲು ಅದನ್ನು ಬಿಚ್ಚಿಡಿ. ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿ, ಎಂದಿನಂತೆ ಹಿಡಿಯಿರಿ. ಪುಡಿ ದಟ್ಟವಾಗಿ ಅಂಟಿ, ಕೈಗೂ ಒತ್ತುವ ಕಡೆ ಮರಳುಕಾಗದದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ. ಅಂಟದ ಕಡೆ ವುಡ್ ಪುಟ್ಟಿ ತುಂಬಿ. ಸುಮ್ನೆ ಅವಸರ ಬೇಡ, ತೆಗೆದ ಮರ ಮತ್ತೆ ಬರಲ್ಲ ಅಲ್ವಾ? ಸ್ಪರ್ಧೆಯ ನಿಯಮದಂತೆ ಯಾವ ಹಿಡಿಯೇ ಆದರೂ ಮಣಿಕಟ್ಟಿಗೆ ಆಸರೆ ಕೊಡಬಾರದು, ಹಿಡಿಯೂ ಸೇರಿ ಇಡೀ ಪಿಸ್ತೂಲು 420×200×50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು.